ಬಾಕಿ ಉಳಿದ ವಿಷಯಗಳು: ಗುಜರಾತಿನ ಮೂರು ನಗರಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಖಿನ್ನತೆ

ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಹೊತ್ತು ಮನಸ್ಸು ಕುಗ್ಗಿಯೇ ಇರುವುದು, ಇಲ್ಲವೇ ಹಿಂದೆ ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಖಿನ್ನತೆಯ ಎರಡು ಮುಖ್ಯ ಲಕ್ಷಣಗಳು. ಇವುಗಳಲ್ಲಿ ಒಂದಾದರೂ ಇದ್ದು, ಅದರೊಂದಿಗೆ ನಿದ್ರೆ, ಹಸಿವು, ಚೈತನ್ಯ, ಏಕಾಗ್ರತೆಗಳಲ್ಲಿ ಏರುಪೇರು, ತಾನು ಯಾವುದಕ್ಕೂ ಬಾರದವನೆಂಬ ಭಾವನೆ, ಸಾವಿನ ಯೋಚನೆ ಮೊದಲಾದವು ಸೇರಿ ಒಂಬತ್ತರಲ್ಲಿ ಐದು ಲಕ್ಷಣಗಳು ಕಂಡುಬಂದು ದಿನನಿತ್ಯದ ಕೆಲಸಕ್ಕೆ ಅಡ್ಡಿಯಾದಾಗ ವೈದ್ಯರು ಅದನ್ನು ಕಾಯಿಲೆಯೆಂದು ಗುರುತಿಸುತ್ತಾರೆ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಈ ಕಾಯಿಲೆ ತನ್ನ ಹೆಸರಿನಲ್ಲಿ ಬರುವುದು ಕಡಿಮೆ. ಹಾಜರಾತಿ ಕೊರತೆ, ಬರೆಯದೆ ಉಳಿದ ಪ್ರಯೋಗಾಲಯದ ಫೈಲು, ಮಧ್ಯಾಹ್ನದವರೆಗಿನ ನಿದ್ರೆ, ಎತ್ತದ ಫೋನು ಇವೇ ಅದರ ವೇಷಗಳು. ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ಗೆಳೆಯರ ಕಣ್ಣಿಗೆ ಮೊದಲ ಗುರುತು ಬೀಳುವುದು ನವರಾತ್ರಿಯಲ್ಲಿರಬಹುದು. ಒಂಬತ್ತು ರಾತ್ರಿಯೂ ಗರ್ಬಾ ಮೈದಾನದಲ್ಲಿರುತ್ತಿದ್ದ ಹುಡುಗ ಈ ಸಲ ‘ಸಬ್‌ಮಿಷನ್ ಇದೆ’ ಎಂದು ರೂಮಿನಲ್ಲೇ ಉಳಿಯುತ್ತಾನೆ. ಆ ಸಬ್‌ಮಿಷನ್ ಕೂಡ ಆಗಿರುವುದಿಲ್ಲ.

ಎಷ್ಟು ವಿದ್ಯಾರ್ಥಿಗಳು ಖಿನ್ನತೆಗೆ ಒಳಗಾಗಿದ್ದಾರೆ ಎಂಬ ಪ್ರಶ್ನೆಗೆ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಲವು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ನಡೆದ 24 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಮರ್ಶೆಯೊಂದು ಸರಾಸರಿ ಶೇ 30.6 ಎಂದಿತು. ಆದರೆ ಅದರೊಳಗಿನ ಬಿಡಿ ಅಧ್ಯಯನಗಳು ಶೇ 10ರಿಂದ ಶೇ 85ರವರೆಗೆ ಹರಡಿಕೊಂಡಿದ್ದವು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ಗುಜರಾತ್ ಸೇರಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ವಯಸ್ಕರಲ್ಲಿ ಸಮೀಕ್ಷೆಯ ಹೊತ್ತಿಗೆ ಖಿನ್ನತೆಯಿದ್ದವರ ಪ್ರಮಾಣವನ್ನು ಶೇ 2.7 ಎಂದು ದಾಖಲಿಸಿತು. (ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಕೋಲಾರದಲ್ಲಿ ಪ್ರಾಯೋಗಿಕ ಅಧ್ಯಯನ ಮಾತ್ರ ನಡೆದಿತ್ತು.) ಮೂವತ್ತೆಲ್ಲಿ, ಮೂರೆಲ್ಲಿ? ಈ ಅಂತರದ ದೊಡ್ಡ ಪಾಲು ಅಳೆಯುವ ರೀತಿಯಿಂದ ಬಂದದ್ದು. ಕಾಲೇಜುಗಳಲ್ಲಿ ಬಳಕೆಯಲ್ಲಿರುವುದು ಪಿಎಚ್‌ಕ್ಯೂ-9ರಂಥ ಪ್ರಶ್ನಾವಳಿ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, 27 ಅಂಕ. 10 ಅಥವಾ ಹೆಚ್ಚು ಅಂಕ ಬಂದವರನ್ನು ಮುಂದಿನ ತಪಾಸಣೆಗೆ ಕಳಿಸಬೇಕು. ಅದು ಜರಡಿಯೇ ಹೊರತು ರೋಗನಿರ್ಣಯವಲ್ಲ. ಪರೀಕ್ಷೆಯ ಹಿಂದಿನ ವಾರ ಅದನ್ನು ಹಂಚಿದರೆ ಅರ್ಧ ತರಗತಿಗೆ ನಿದ್ರೆ ಕೆಟ್ಟಿರುತ್ತದೆ. ಹಾಗೆಂದು ಪ್ರಶ್ನಾವಳಿಯ ಫಲಿತಾಂಶವನ್ನು ತಳ್ಳಿಹಾಕುವಂತಿಲ್ಲ. ರೋಗನಿರ್ಣಯದ ಗೆರೆ ಮುಟ್ಟದ ಸಂಕಟವೂ ಸಂಕಟವೇ, ಅದರಲ್ಲಿ ಒಂದು ಭಾಗ ಮುಂದೆ ಕಾಯಿಲೆಯಾಗುತ್ತದೆ.

ಪತ್ರಿಕೆಗಳು ಹೆಚ್ಚಾಗಿ ಉಲ್ಲೇಖಿಸುವುದು ಇನ್ನೊಂದು ಸಂಖ್ಯೆಯನ್ನು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಅದಕ್ಕೆ ಆಧಾರ ಪೊಲೀಸ್ ದಾಖಲೆ. ಅಲ್ಲಿ ಪ್ರತಿ ಸಾವಿನ ಎದುರು ಒಂದು ಕಾರಣವನ್ನು ನಮೂದಿಸುವುದು ರೂಢಿ: ‘ಪರೀಕ್ಷೆಯಲ್ಲಿ ಅನುತ್ತೀರ್ಣ’, ‘ಕೌಟುಂಬಿಕ ಸಮಸ್ಯೆ’, ‘ಪ್ರೇಮ ಪ್ರಕರಣ’. ವರ್ಷಗಟ್ಟಲೆ ಕೂಡಿಬಂದದ್ದು ಹೀಗೆ ಒಂದು ಖಾನೆಯಲ್ಲಿ ಮುಗಿದುಹೋಗುತ್ತದೆ. ಸಾವಿನ ಲೆಕ್ಕದಿಂದ ಖಿನ್ನತೆಯನ್ನು ಅಳೆಯುವ ಅಭ್ಯಾಸಕ್ಕೆ ಇನ್ನೊಂದು ದೋಷವಿದೆ. ಸಾಯದೆ, ಯಾರಿಗೂ ಹೇಳದೆ, ನಾಲ್ಕು ವರ್ಷದ ಪದವಿಯನ್ನು ಆರು ವರ್ಷ ಎಳೆಯುವ ದೊಡ್ಡ ಗುಂಪು ಅದರಲ್ಲಿ ಕಾಣಿಸುವುದೇ ಇಲ್ಲ. ಈ ಮೂರು ನಗರಗಳಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಆ ಗುಂಪನ್ನು.

ಮೂರೂ ನಗರಗಳಿಗೆ ತಾಂತ್ರಿಕ ಶಿಕ್ಷಣ ಹೊಸದಲ್ಲ. ಮೂರನೆಯ ಸಯಾಜಿರಾವ್ ಗಾಯಕವಾಡರು 1890ರಲ್ಲಿ ಬರೋಡಾದಲ್ಲಿ ಕಲಾಭವನ ಸ್ಥಾಪಿಸಿದರು. 1949ರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ತಂತ್ರಜ್ಞಾನ ಮತ್ತು ಎಂಜಿನಿಯರಿಂಗ್ ವಿಭಾಗ ಬೆಳೆದದ್ದು ಅದೇ ಬೇರಿನಿಂದ. ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜು 1948ರದ್ದು, ಗಿರಣಿ ಮಾಲೀಕರ ದಾನದಿಂದ ಎದ್ದದ್ದು. ಸೂರತ್‌ನಲ್ಲಿ 1961ರಲ್ಲಿ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಸುರತ್ಕಲ್ಲಿನ ಕೆ.ಆರ್.ಇ.ಸಿ.ಯ ಓರಗೆಯದಾದ ಅದು ಇಂದು ಸರದಾರ್ ವಲ್ಲಭಭಾಯಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎಸ್‌ವಿಎನ್‌ಐಟಿ). ಸೀಟು ಕೆಲವೇ ಇದ್ದ ಆ ಕಾಲದಲ್ಲಿ ಒಳಗೆ ಹೋಗುವುದು ಕಷ್ಟ, ಹೋದವನಿಗೆ ನೌಕರಿ ಬಹುತೇಕ ಖಚಿತ. ವಡೋದರಾದ ಸುತ್ತ 1960ರ ದಶಕದಲ್ಲಿ ಕೊಯಲಿ ತೈಲ ಸಂಸ್ಕರಣಾಗಾರ, ಗುಜರಾತ್ ಸ್ಟೇಟ್ ಫರ್ಟಿಲೈಸರ್ಸ್, ಪೆಟ್ರೋಕೆಮಿಕಲ್ ಕಂಪನಿ ಐಪಿಸಿಎಲ್ ಒಂದರ ಹಿಂದೊಂದು ಬಂದವು. ಇಂದಿನ ವಿದ್ಯಾರ್ಥಿಗಳ ಅಜ್ಜ, ಅಪ್ಪಂದಿರ ಮನಸ್ಸಿನಲ್ಲಿರುವ ಎಂಜಿನಿಯರ್‌ನ ಚಿತ್ರ ಆಗ ಮೂಡಿದ್ದು.

ಆ ಚಿತ್ರ ಹಾಗೇ ಉಳಿಯಿತು, ವ್ಯವಸ್ಥೆ ಉಳಿಯಲಿಲ್ಲ. ಖಾಸಗಿ ಕಾಲೇಜುಗಳು ಸಾಲುಗಟ್ಟಿದವು. ನೂರಾರು ಕಾಲೇಜುಗಳನ್ನು ಒಂದೇ ಪಠ್ಯಕ್ರಮ, ಒಂದೇ ಪರೀಕ್ಷೆಯಡಿ ತರಲು 2007ರಲ್ಲಿ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯ (ಜಿಟಿಯು) ಅಹಮದಾಬಾದಿನ ಚಾಂದಖೇಡಾದಲ್ಲಿ ನೆಲೆಗೊಂಡಿತು. ಬೆಳಗಾವಿಯ ವಿಟಿಯು ಮಾದರಿಯದೇ. ಈಗ ರಾಜ್ಯದಲ್ಲಿ ಪ್ರತಿವರ್ಷ ಸಾವಿರಾರು ಎಂಜಿನಿಯರಿಂಗ್ ಸೀಟು ಖಾಲಿ ಬೀಳುತ್ತವೆ. ಒಳಗೆ ಹೋಗುವುದು ಸುಲಭವಾಯಿತು, ಹೊರಬರುವುದು ಕಷ್ಟವಾಯಿತು. ಹನ್ನೆರಡನೆಯ ತರಗತಿಯ ಗಣಿತದಲ್ಲಿ ಅಂಚಿನಲ್ಲಿ ದಾಟಿದ ವಿದ್ಯಾರ್ಥಿಗೂ ಯಾವುದೋ ಕಾಲೇಜಿನಲ್ಲಿ ಯಾವುದೋ ಶಾಖೆ ಸಿಗುತ್ತದೆ. ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್ ಎದುರಾದಾಗ ಅವನಿಗೆ ಬೇಕಾದ ಆಸರೆ ಅಲ್ಲಿರುವುದಿಲ್ಲ. ಸೀಟು ಸುಲಭವಾಗಿ ಸಿಗುತ್ತದೆ ಎಂಬ ಕಾರಣಕ್ಕೇ ಸೋಲು ಹೆಚ್ಚು ಅವಮಾನಕರವಾಗುತ್ತದೆ: ‘ಎಲ್ಲರಿಗೂ ಸಿಗುವ ಡಿಗ್ರಿ ನಿನಗೇ ಆಗಲಿಲ್ಲವೇ?’

ಭಾಷೆಯ ಪೆಟ್ಟು ಇದರ ಮೇಲೆ ಬೀಳುತ್ತದೆ. ಹನ್ನೆರಡನೆಯ ತರಗತಿಯವರೆಗೆ ಗುಜರಾತಿ ಮಾಧ್ಯಮದಲ್ಲಿ ಓದಿದವರು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಇಂಗ್ಲಿಷಿನ ಪ್ರಶ್ನೆಪತ್ರಿಕೆಗೆ ಸಿದ್ಧರಾಗಬೇಕು. ಕಲಾಭವನದ ಮೊದಲ ಮುಖ್ಯಸ್ಥ, ಸೂರತ್‌ನ ತ್ರಿಭುವನದಾಸ್ ಗಜ್ಜರ್ ತಾಂತ್ರಿಕ ವಿದ್ಯೆ ಜನರ ಭಾಷೆಯಲ್ಲೇ ಸಿಗಬೇಕೆಂದು ಹಟ ಹಿಡಿದವರು. ಆ ಪ್ರಶ್ನೆ 130 ವರ್ಷಗಳ ನಂತರವೂ ಇತ್ಯರ್ಥವಾಗಿಲ್ಲ. ಈಗ ತರಗತಿಯಲ್ಲಿ ವಿವರಣೆ ಗುಜರಾತಿ ಬೆರೆತು ಸಾಗುತ್ತದೆ, ಬರೆಯಬೇಕಾದದ್ದು ಇಂಗ್ಲಿಷಿನಲ್ಲಿ. ಶಾಲೆಯಲ್ಲಿ ಕೈ ಎತ್ತಿ ಉತ್ತರ ಹೇಳುತ್ತಿದ್ದ ಹುಡುಗಿ ವೈವಾದಲ್ಲಿ ಉತ್ತರ ಗೊತ್ತಿದ್ದೂ ಮಾತು ಹೊರಡದೆ ನಿಲ್ಲುತ್ತಾಳೆ. ಕರ್ನಾಟಕದ ಹಳ್ಳಿಗಳಿಂದ ವಿಟಿಯು ಕಾಲೇಜಿಗೆ ಬಂದ ಯಾರಿಗಾದರೂ ಈ ದೃಶ್ಯ ವಿವರಿಸಬೇಕಾಗಿಲ್ಲ. ಬುದ್ಧಿ ಕಡಿಮೆ ಎಂಬ ತೀರ್ಮಾನಕ್ಕೆ ವಿದ್ಯಾರ್ಥಿ ತಾನೇ ಬಂದುಬಿಡುವುದು ಇಂಥ ಹೊತ್ತಿನಲ್ಲಿ.

ಇವೆಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು, ಮತ್ತು ಚರ್ಚೆಯಲ್ಲಿ ಕಡಿಮೆ ಬರುವುದು, ಬ್ಯಾಕ್‌ಲಾಗ್ ವ್ಯವಸ್ಥೆ. ಜಿಟಿಯು ವಿದ್ಯಾರ್ಥಿಯ ಗುರುತು 12 ಅಂಕಿಯ ನೋಂದಣಿ ಸಂಖ್ಯೆ. ಮೊದಲೆರಡು ಅಂಕಿ ಸೇರಿದ ವರ್ಷ, ಮುಂದಿನ ಮೂರು ಕಾಲೇಜು (ಎಲ್.ಡಿ. ಕಾಲೇಜಿನದು 028), ಆಮೇಲೆ ಪದವಿ, ಶಾಖೆ, ಕೊನೆಗೆ ಕ್ರಮಸಂಖ್ಯೆ. ಫಲಿತಾಂಶದ ದಿನ ಆ ಸಂಖ್ಯೆಯನ್ನು ಒತ್ತಿದರೆ ಫೋನಿನ ಪರದೆಯಲ್ಲಿ ಗ್ರೇಡುಗಳ ಪಟ್ಟಿ, ಅದರೊಟ್ಟಿಗೆ ಬಾಕಿ ಉಳಿದ ವಿಷಯಗಳ ಲೆಕ್ಕ. ಸಂಖ್ಯೆ ಗೊತ್ತಿದ್ದ ಗೆಳೆಯರೂ ಅದನ್ನು ನೋಡಬಹುದು. ನಪಾಸಾದ ವಿಷಯವನ್ನು ಮುಂದಿನ ಸೆಮಿಸ್ಟರ್‌ನ ವಿಷಯಗಳೊಂದಿಗೆ ಮತ್ತೆ ಬರೆಯಬೇಕು. ಐದು ವಿಷಯ ಓದಲಾಗದವನ ತಲೆಯ ಮೇಲೆ ಏಳು ಬೀಳುತ್ತವೆ. ಮೊದಲ ವರ್ಷದ ಗಣಿತ ಉಳಿದವನಿಗೆ ಅದರ ಮೇಲೆ ನಿಂತ ಎರಡನೆಯ ವರ್ಷದ ವಿಷಯಗಳೂ ಕೈಗೆ ಹತ್ತುವುದಿಲ್ಲ. ಇಂಥ ವಿಶ್ವವಿದ್ಯಾಲಯಗಳಲ್ಲಿ ಹಳೆಯ ಬಾಕಿ ತೀರಿಸದೆ ಒಂದು ಹಂತದಾಚೆ ನಿಯಮ ಬಿಡುವುದಿಲ್ಲ. ಕ್ಯಾಂಪಸ್ಸಿಗೆ ಬರುವ ಕಂಪನಿಗಳ ನೋಟಿಸಿನಲ್ಲಿ ‘ಬ್ಯಾಕ್‌ಲಾಗ್ ಇರಕೂಡದು’ ಎಂಬ ಸಾಲು ಸಾಮಾನ್ಯ. ಒಂದು ವಿಷಯದ ಸೋಲು ಸಾಲದಂತೆ ಬಡ್ಡಿ ಬೆಳೆಸುತ್ತದೆ.

ಎಷ್ಟು ಪ್ರಯತ್ನಿಸಿದರೂ ಫಲಿತಾಂಶ ಬದಲಾಗದು ಎಂದು ಕಲಿತ ಜೀವಿ, ಪ್ರಯತ್ನಿಸಿದರೆ ಪಾರಾಗಬಹುದಾದ ಸಂದರ್ಭದಲ್ಲೂ ಕೈಚೆಲ್ಲಿ ಕೂರುತ್ತದೆ ಎಂಬುದನ್ನು ಮನೋವಿಜ್ಞಾನಿ ಮಾರ್ಟಿನ್ ಸೆಲಿಗ್ಮನ್ 1967ರ ಪ್ರಯೋಗಗಳಲ್ಲಿ ತೋರಿಸಿದರು. ಖಿನ್ನತೆಯನ್ನು ಅರ್ಥ ಮಾಡಿಕೊಳ್ಳಲು ಆ ಕಲ್ಪನೆ ಬಹಳ ಕಾಲ ಬಳಕೆಯಾಯಿತು. ಆರನೆಯ ಸೆಮಿಸ್ಟರ್‌ನಲ್ಲಿ ಒಂಬತ್ತು ವಿಷಯ ಬಾಕಿ ಇಟ್ಟುಕೊಂಡು ಪರೀಕ್ಷೆಯ ಹಾಲ್‌ಟಿಕೆಟ್ ಇದ್ದೂ ಹೋಗದೆ ಮಲಗಿರುವವನನ್ನು ಮನೆಯವರು ಸೋಮಾರಿ ಎನ್ನುತ್ತಾರೆ. ಕಾಯಿಲೆ ಮತ್ತು ನಪಾಸು ಇಲ್ಲಿ ಒಂದನ್ನೊಂದು ಹುಟ್ಟಿಸುತ್ತವೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖಿನ್ನತೆ ಕಡಿಮೆ ಅಂಕವನ್ನೂ ಓದು ಬಿಡುವ ಸಾಧ್ಯತೆಯನ್ನೂ ಮುನ್ಸೂಚಿಸಿತು. ಅದರಲ್ಲೂ ಅಂಕಕ್ಕೆ ಹೊಡೆತ ಕೊಟ್ಟದ್ದು ದುಃಖವಲ್ಲ, ಆಸಕ್ತಿ ಬತ್ತಿಹೋಗುವ ಲಕ್ಷಣ. ಅಳದ, ನಗುನಗುತ್ತಲೇ ಇರುವ, ಆದರೆ ಪುಸ್ತಕ ತೆರೆಯಲಾಗದ ವಿದ್ಯಾರ್ಥಿಯನ್ನು ಯಾರೂ ರೋಗಿಯೆಂದು ಎಣಿಸುವುದಿಲ್ಲ. ಅಂಕಪಟ್ಟಿಯಲ್ಲಿ ಮೊದಲು ಕುಸಿಯುವವನು ಅವನೇ.

ಎಸ್‌ವಿಎನ್‌ಐಟಿಯಂಥ ಕಡೆ ಕಥೆ ತುಸು ಬೇರೆ. ಅಲ್ಲಿಗೆ ಬರುವವರು ಜೆಇಇಯಲ್ಲಿ ಲಕ್ಷಾಂತರ ಜನರನ್ನು ಹಿಂದೆ ಹಾಕಿದವರು. ಊರಿಗೆ ಮೊದಲಿಗರಾಗಿದ್ದವರು ಇಲ್ಲಿ ನೂರರಲ್ಲಿ ಅರವತ್ತನೆಯವರಾಗುತ್ತಾರೆ. ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಹೆಚ್ಚು ಪ್ರತಿಭಾವಂತರ ನಡುವೆ ಕುಳಿತವನು ತನ್ನ ಬಗ್ಗೆ ಕಡಿಮೆ ಅಭಿಪ್ರಾಯ ತಳೆಯುತ್ತಾನೆಂದು ಆಸ್ಟ್ರೇಲಿಯಾದ ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್ 1980ರ ದಶಕದಿಂದಲೇ ಹೇಳುತ್ತ ಬಂದಿದ್ದಾರೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ಹೊರರಾಜ್ಯದವರಿಗೆ. ಕರ್ನಾಟಕದಿಂದ ಅಲ್ಲಿಗೆ ಹೋದ ವಿದ್ಯಾರ್ಥಿಗೆ ಮೆಸ್ಸಿನ ಸಿಹಿಬೆರೆತ ದಾಲ್, ಊರಿಗೆ ಹೋಗಲು ಇಡೀ ದಿನದ ರೈಲು, ಸುತ್ತ ಹಿಂದಿ ಗುಜರಾತಿ. ಮೊದಲ ತಿಂಗಳ ಈ ಒಂಟಿತನ ಬಹುಪಾಲು ಜನರಿಗೆ ಹಾದುಹೋಗುತ್ತದೆ. ಕೆಲವರಿಗೆ ಹೋಗುವುದಿಲ್ಲ. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಗೇಟಿನ ಸಮಯ, ಮೆಕ್ಯಾನಿಕಲ್‌ನಂಥ ಶಾಖೆಗಳಲ್ಲಿ ತರಗತಿಗೆ ಬೆರಳೆಣಿಕೆಯಷ್ಟೇ ಇರುವ ಸ್ಥಿತಿ, ‘ಇನ್ನೆರಡು ವರ್ಷ, ಆಮೇಲೆ ಸಂಬಂಧ ನೋಡೋಣ’ ಎಂಬ ಮನೆಯ ಮಾತು ಜೊತೆಗೆ ಸೇರುತ್ತವೆ. ಮೀಸಲಾತಿಯಲ್ಲಿ ಬಂದವರಿಗೆ ರ‍್ಯಾಂಕ್ ಕೇಳುವ ನೆಪದಲ್ಲಿ ಜಾತಿ ಕೇಳುವ ಸಹಪಾಠಿಗಳು ಎಲ್ಲೆಡೆ ಇದ್ದಾರೆ.

ಕುಟುಂಬದ ವಿಷಯಕ್ಕೆ ಬಂದರೆ ಈ ಮೂರು ನಗರಗಳು ಬೆಂಗಳೂರು, ಹೈದರಾಬಾದುಗಳಿಗಿಂತ ಭಿನ್ನ. ಇಲ್ಲಿ ಗೌರವದ ಮೊದಲ ಸ್ಥಾನ ವ್ಯಾಪಾರಕ್ಕೆ. ಜಗತ್ತಿನ ವಜ್ರಗಳಲ್ಲಿ ಬಹುಪಾಲು ಸಾಣೆ ಹಿಡಿಸಿಕೊಳ್ಳುವ ಸೂರತ್‌ನಲ್ಲಿ, ಜವಳಿ ಮಾರುಕಟ್ಟೆಯ ಗದ್ದಿಯಲ್ಲಿ ಹದಿನೆಂಟಕ್ಕೇ ಕುಳಿತ ದೊಡ್ಡಪ್ಪನ ಮಗ ಇಪ್ಪತ್ತೆರಡಕ್ಕೆ ಕಾರು ಕೊಂಡಿರುತ್ತಾನೆ. ಅದೇ ವಯಸ್ಸಿನ ಎಂಜಿನಿಯರ್ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಅರ್ಜಿ ಹಾಕುತ್ತಿರುತ್ತಾನೆ. ಸೋತರೆ ಹಿಂತಿರುಗಲು ಅಂಗಡಿಯಿದೆ ಎಂಬುದು ಕೆಲವರಿಗೆ ನಿಜವಾದ ಆಸರೆ. ಇನ್ನು ಕೆಲವರಿಗೆ ಅದೇ ಅಂಗಡಿ ದಿನವೂ ಕಣ್ಣಮುಂದಿರುವ ಹಂಗು. ಅಂಗಡಿಯೂ ಇಲ್ಲದವರ ಸ್ಥಿತಿ ಬೇರೆ. ವಜ್ರ ಸಾಣೆ ಹಿಡಿಯುವ ಕಾರ್ಮಿಕನ ಕೂಲಿ ಪೇಟೆಯ ಏರಿಳಿತಕ್ಕೆ ಕಟ್ಟಿಕೊಂಡಿದೆ. 2008ರ ಕುಸಿತದಲ್ಲಿ ಸಾವಿರಾರು ಮಂದಿ ಕೆಲಸ ಕಳೆದುಕೊಂಡು ಸೌರಾಷ್ಟ್ರದ ಹಳ್ಳಿಗಳಿಗೆ ಮರಳಿದ್ದರು. ಅಂಥ ಮನೆಯ ಹುಡುಗನ ಸೆಮಿಸ್ಟರ್ ಶುಲ್ಕ ಒಂದು ಬ್ಯಾಕ್‌ಲಾಗ್‌ನಿಂದ ಆರು ತಿಂಗಳು ಹೆಚ್ಚಾದರೆ ಅದು ಮನಸ್ಸಿನ ಮೇಲಷ್ಟೇ ಅಲ್ಲ, ಮನೆಯ ಮೇಲೂ ಬೀಳುವ ಭಾರ. ಸೀಟು ಮತ್ತು ನೌಕರಿಯ ಆತಂಕ ಇಲ್ಲಿ ಬೀದಿಗೂ ಬಂದಿತ್ತು. 2015ರ ಆಗಸ್ಟ್ 25ರಂದು ಅಹಮದಾಬಾದಿನ ಜಿಎಂಡಿಸಿ ಮೈದಾನದಲ್ಲಿ ಪಾಟೀದಾರ ಸಮುದಾಯದ ಯುವಕರು ಮೀಸಲಾತಿ ಕೇಳಿ ಸೇರಿದಾಗ ಹೇಳಿಕೊಂಡದ್ದು ಇದನ್ನೇ. ಮರುತಿಂಗಳು ಸರಕಾರ ಶುಲ್ಕದಲ್ಲಿ ನೆರವು ನೀಡುವ ಮುಖ್ಯಮಂತ್ರಿ ಯುವ ಸ್ವಾವಲಂಬನ ಯೋಜನೆಯನ್ನು ಘೋಷಿಸಿತು. ಹಣದ ಭಾರ ಕೆಲವರಿಗೆ ಇಳಿಯಿತು, ನೌಕರಿಯ ಪ್ರಶ್ನೆ ಹಾಗೇ ಉಳಿಯಿತು.

ವಿದೇಶದ ದಾರಿಯನ್ನೂ ಇಲ್ಲಿ ಎಣಿಸಬೇಕು. ವಡೋದರಾ, ಅಹಮದಾಬಾದುಗಳಲ್ಲಿ ಐಇಎಲ್‌ಟಿಎಸ್ ತರಬೇತಿ ಕೇಂದ್ರಗಳಿಲ್ಲದ ಬಡಾವಣೆ ಹುಡುಕಬೇಕು. ಇಲ್ಲಿ ಹೇಗೋ ಡಿಗ್ರಿ ಮುಗಿಸಿ ಕೆನಡಾಕ್ಕೆ ಹೋಗುವುದು ಎಷ್ಟೋ ಮನೆಗಳ ಯೋಜನೆ. 2024ರ ಜನವರಿಯಲ್ಲಿ ಕೆನಡಾ ಹೊಸ ಅಧ್ಯಯನ ಪರವಾನಗಿಗಳನ್ನು ಸುಮಾರು ಶೇ 35ರಷ್ಟು ಕಡಿತಗೊಳಿಸುವುದಾಗಿ ಪ್ರಕಟಿಸಿದ ಮೇಲೆ ಆ ಯೋಜನೆ ನಡುದಾರಿಯಲ್ಲಿ ನಿಂತಿತು.

ಇಷ್ಟೆಲ್ಲ ಇದ್ದೂ ಒಂದೇ ತರಗತಿಯ ಬಹುಪಾಲು ಮಂದಿಗೆ ಖಿನ್ನತೆ ಬರುವುದಿಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ವಂಶವಾಹಿಯ ಪಾಲು, ಬಾಲ್ಯದ ಆಘಾತ, ಹಿಂದೊಮ್ಮೆ ಬಂದುಹೋದ ಖಿನ್ನತೆ ಇವು ಕಾಲೇಜಿಗೆ ಬರುವ ಮೊದಲೇ ಜೊತೆಯಲ್ಲಿರುತ್ತವೆ. ಮಾನಸಿಕ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು 24ನೆಯ ವಯಸ್ಸಿನೊಳಗೆ ತಲೆದೋರುತ್ತವೆ, ಅಂದರೆ ಕಾಲೇಜು ಇರಲಿ ಬಿಡಲಿ ಈ ವಯಸ್ಸೇ ಅಪಾಯದ್ದು. ‘ನಾವೂ ಓದಿದೆವು, ನಮಗೇನೂ ಆಗಲಿಲ್ಲ’ ಎಂಬ ಹಿರಿಯರ ಮಾತಿನಲ್ಲಿ ಇನ್ನೊಂದು ಅರ್ಧಸತ್ಯವಿದೆ: ಆದವರು ಆ ಮಾತು ಹೇಳಲು ಬರುವುದಿಲ್ಲ. ಕಾಲೇಜು ಕಾಯಿಲೆಯನ್ನು ಹುಟ್ಟಿಸುತ್ತದೆಯೇ ಎಂಬ ವಾದಕ್ಕಿಂತ, ಹುಟ್ಟಿದ ಕಾಯಿಲೆಯನ್ನು ಅದು ಮುಚ್ಚಿಡುವಂತೆ ಮಾಡುತ್ತದೆಯೇ, ಬೆಳೆಸುತ್ತದೆಯೇ ಎಂದು ಕೇಳುವುದು ಹೆಚ್ಚು ಉಪಯುಕ್ತ. ಬ್ಯಾಕ್‌ಲಾಗ್ ವ್ಯವಸ್ಥೆ ಎರಡನ್ನೂ ಮಾಡುತ್ತದೆ. ಮೂರು ತಿಂಗಳು ಹಾಸಿಗೆ ಹಿಡಿದ ಟೈಫಾಯ್ಡ್ ರೋಗಿಗೆ ಪ್ರಮಾಣಪತ್ರ ಸಿಗುತ್ತದೆ, ರಿಯಾಯಿತಿ ಸಿಗುತ್ತದೆ. ಮೂರು ತಿಂಗಳು ಏಳಲಾಗದ ಖಿನ್ನತೆಯ ರೋಗಿಗೆ ಸಿಗುವುದು ಹಾಜರಾತಿ ಕೊರತೆಯ ನೋಟಿಸು.

ಅಹಮದಾಬಾದಿಗೆ ಈ ಬಗ್ಗೆ ಯೋಚಿಸಿದ ಪರಂಪರೆ ಇಲ್ಲವೆಂದಲ್ಲ. ಸಾರಾಭಾಯಿ ಕುಟುಂಬದ ಆಸರೆಯಲ್ಲಿ ಬಿ.ಎಂ. ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿ 1951ರಷ್ಟು ಹಿಂದೆಯೇ ಆರಂಭವಾಗಿತ್ತು. ತಾರುಣ್ಯದಲ್ಲಿ ‘ನಾನು ಯಾರು’ ಎಂಬ ಬಿಕ್ಕಟ್ಟನ್ನು ಮನೋವಿಜ್ಞಾನದ ಕೇಂದ್ರಕ್ಕೆ ತಂದ ಎರಿಕ್ ಎರಿಕ್ಸನ್ 1962ರಲ್ಲಿ ಅಹಮದಾಬಾದಿಗೆ ಬಂದರು. ಗುಜರಾತ್ ವಿಶ್ವವಿದ್ಯಾಲಯದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರ ಸುಧೀರ್ ಕಕ್ಕರ್ ಎರಿಕ್ಸನ್‌ರನ್ನು ಭೇಟಿಯಾದದ್ದು ಅದೇ ಊರಿನಲ್ಲಿ. ಆ ಭೇಟಿಯ ನಂತರ ಕಕ್ಕರ್ ಮನೋವಿಶ್ಲೇಷಣೆಗೆ ಹೊರಳಿ ಭಾರತೀಯ ಮನಸ್ಸಿನ ಬಗ್ಗೆ ಅರ್ಧ ಶತಮಾನ ಬರೆದರು. ತಮ್ಮದಲ್ಲದ ಶಾಖೆಯಿಂದ ಹೊರಗೆ ಹೋಗಲು ಅವರಿಗೆ ದಾರಿ ಇತ್ತು, ಮಾತಾಡಲು ಹಿರಿಯರಿದ್ದರು. ಈ ಎರಡೂ ಇಲ್ಲದ ಕಡೆ ಬಿಕ್ಕಟ್ಟು ಕಾಯಿಲೆಯತ್ತ ತಿರುಗುತ್ತದೆ.

ಚಿಕಿತ್ಸೆ ಇದೆ, ಫಲವನ್ನೂ ಕೊಡುತ್ತದೆ. ಮಾತ್ರೆ, ಮಾತಿನ ಚಿಕಿತ್ಸೆ, ಅಥವಾ ಎರಡೂ ಸೇರಿ ಹೆಚ್ಚಿನವರನ್ನು ಗುಣಪಡಿಸುತ್ತವೆ. ಮಾತ್ರೆ ಪರಿಣಾಮ ತೋರಲು ಎರಡರಿಂದ ನಾಲ್ಕು ವಾರ ಬೇಕು, ಅಷ್ಟರಲ್ಲಿ ಬಿಟ್ಟುಬಿಡುವವರು ಬಹಳ. ಆದರೂ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿದ್ದವರಲ್ಲಿ ಸುಮಾರು ಶೇ 85 ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಗುಜರಾತಿನ ನಾಲ್ಕು ಸರಕಾರಿ ಮಾನಸಿಕ ಆಸ್ಪತ್ರೆಗಳಿರುವುದು ಅಹಮದಾಬಾದ್, ವಡೋದರಾ, ಜಾಮ್‌ನಗರ, ಭುಜ್‌ಗಳಲ್ಲಿ. ರಾಜ್ಯದ ಎರಡನೆಯ ದೊಡ್ಡ ನಗರವಾದ ಸೂರತ್‌ನವರಿಗೆ ಸಿವಿಲ್ ಆಸ್ಪತ್ರೆಯ ವಿಭಾಗ, ಪಾಲಿಕೆಯ ಆಸ್ಪತ್ರೆ, ಇಲ್ಲವೇ ಖಾಸಗಿ ವೈದ್ಯರು. ಇನ್ನೊಂದು ತಡೆ ಕ್ಯಾಂಪಸ್ಸಿನೊಳಗೇ ಇದೆ. ಸಮಾಲೋಚಕರ ಕೋಣೆ ಆಡಳಿತ ಕಚೇರಿಯ ಪಕ್ಕದಲ್ಲಿದ್ದರೆ, ಅಥವಾ ಶಿಸ್ತಿನ ಸಮಿತಿಯಲ್ಲಿರುವ ಪ್ರಾಧ್ಯಾಪಕರೇ ಸಮಾಲೋಚಕರೂ ಆಗಿದ್ದರೆ, ವಿಷಯ ಎಚ್‌ಒಡಿಗೆ, ಅಲ್ಲಿಂದ ಮನೆಗೆ, ಕೊನೆಗೆ ಪ್ಲೇಸ್‌ಮೆಂಟ್ ಕಡತಕ್ಕೆ ಹೋಗುತ್ತದೆಂದು ವಿದ್ಯಾರ್ಥಿ ನಂಬುತ್ತಾನೆ. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯ್ದೆ ಗೋಪ್ಯತೆಯನ್ನು ರೋಗಿಯ ಹಕ್ಕಾಗಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸಕೂಡದು ಎಂದೂ ಹೇಳುತ್ತದೆ. ಹಾಸ್ಟೆಲ್ ವಾರ್ಡನ್‌ಗಳಿಗೆ ಈ ಎರಡು ವಿಷಯ ಗೊತ್ತಿರುವುದು ಸಮಾಲೋಚಕರ ನೇಮಕದಷ್ಟೇ ಅಗತ್ಯ.

ಸುಪ್ರೀಂ ಕೋರ್ಟ್ 2025ರಲ್ಲಿ ಎರಡು ಸಲ ಈ ವಿಷಯಕ್ಕೆ ಕೈಹಾಕಿತು. ಮಾರ್ಚ್‌ನಲ್ಲಿ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು. ಜುಲೈನಲ್ಲಿ ನೀಡಿದ ಮಾರ್ಗಸೂಚಿಯಲ್ಲಿ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಒಬ್ಬರಾದರೂ ಅರ್ಹ ಸಮಾಲೋಚಕರನ್ನು ಹೊಂದಿರಬೇಕೆಂದಿತು. ಇದು ಬೇಕಾದದ್ದೇ. ಆದರೆ ನಾಲ್ಕು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿಗೆ ಒಬ್ಬ ಸಮಾಲೋಚಕಿ ಬಂದರೆ ಆಕೆ ಬೆಂಕಿ ಆರಿಸುವಷ್ಟರಲ್ಲೇ ದಣಿಯುತ್ತಾಳೆ. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ತಂಡ ತರಬೇತಿ ಪಡೆದ ಸಾಮಾನ್ಯ ಜನರಿಂದಲೇ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಡಿಸಿ, ಅದು ತೀವ್ರ ಖಿನ್ನತೆಯಲ್ಲೂ ಕೆಲಸ ಮಾಡುತ್ತದೆಂದು 2017ರಲ್ಲಿ ತೋರಿಸಿತು. ಬಿಟ್ಟುಹೋದ ಚಟುವಟಿಕೆಗಳನ್ನು ಒಂದೊಂದಾಗಿ ಮತ್ತೆ ದಿನಚರಿಗೆ ತರುವುದು ಅದರ ತಿರುಳು. ಹಾಸ್ಟೆಲುಗಳಿಗೆ ಇದಕ್ಕಿಂತ ಹೊಂದುವ ಮಾದರಿ ಸಿಗುವುದು ಕಷ್ಟ.

ಪರೀಕ್ಷಾ ವಿಭಾಗವನ್ನು ಮುಟ್ಟದ ಯಾವ ಯೋಜನೆಯೂ ಅರ್ಧದಲ್ಲೇ ನಿಲ್ಲುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಕಳೆದುಕೊಂಡವರ ಪಟ್ಟಿ ಪ್ರತಿ ಕಾಲೇಜಿನ ಕಂಪ್ಯೂಟರಿನಲ್ಲಿ ಇದ್ದೇ ಇದೆ. ಆ ಪಟ್ಟಿ ಹಿಡಿದು ಫಲಿತಾಂಶದ ವಾರದಲ್ಲೇ ಒಬ್ಬೊಬ್ಬರನ್ನು ಕರೆದು ಮಾತಾಡಲು ಹೊಸ ಹಣ ಬೇಕಿಲ್ಲ, ಅಧ್ಯಾಪಕರು ಇರಬೇಕು ಅಷ್ಟೇ. ಖಾಲಿ ಹುದ್ದೆಗಳ ಪ್ರಶ್ನೆ ಮಾನಸಿಕ ಆರೋಗ್ಯದ ಪ್ರಶ್ನೆಯೂ ಆಗುವುದು ಹೀಗೆ. ಬೇಸಿಗೆಯಲ್ಲಿ ಬಾಕಿ ವಿಷಯಗಳಿಗೆ ತರಗತಿಸಹಿತ ಮರುಪರೀಕ್ಷೆ, ಕಾಯಿಲೆಗೆ ಸೆಮಿಸ್ಟರ್ ವಿರಾಮ, ಶಾಖೆ ಬದಲಿಸುವ ನಿಜವಾದ ಅವಕಾಶ ಇವು ಉಳಿದ ಬೇಡಿಕೆಗಳು. ಅಸಾಧ್ಯವೆಂದು ಹೇಳುವಂತಿಲ್ಲ, ಅಹಮದಾಬಾದಿನ ಪಕ್ಕದಲ್ಲೇ ಐಐಟಿ ಗಾಂಧಿನಗರ 2011ರಿಂದ ಹೊಸಬರಿಗೆ ಐದು ವಾರ ಪಾಠವಿಲ್ಲದ ಬುನಾದಿ ಕಾರ್ಯಕ್ರಮ ನಡೆಸುತ್ತಿದೆ. ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇ ಆಮೇಲೆ ಎಲ್ಲ ಕಾಲೇಜುಗಳಿಗೂ ಮೂರು ವಾರದ ಪ್ರವೇಶ ಕಾರ್ಯಕ್ರಮ ವಿಧಿಸಿತು. ಪ್ರವೇಶದ ಸುತ್ತುಗಳು ತಿಂಗಳುಗಟ್ಟಲೆ ಎಳೆಯುವುದರಿಂದ ಬಹಳ ಕಡೆ ಅದು ಭಾಷಣಗಳಲ್ಲಿ ಮುಗಿಯುತ್ತದೆ.

ತಕ್ಷಣದ ನೆರವಿಗೆ ಕೇಂದ್ರ ಸರಕಾರದ ಟೆಲಿಮಾನಸ್ 14416 ಸಂಖ್ಯೆಯಲ್ಲಿ 24 ಗಂಟೆಯೂ ಉಚಿತವಾಗಿ ಲಭ್ಯ. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಯನ್ನು ನಿಮ್ಹಾನ್ಸ್ ಸಮನ್ವಯಗೊಳಿಸುತ್ತದೆ. ಗುಜರಾತಿ, ಕನ್ನಡ ಸೇರಿ ಹಲವು ಭಾಷೆಗಳಲ್ಲಿ ಮಾತಾಡಬಹುದು, ಹೆಸರು ಹೇಳಬೇಕಾಗಿಲ್ಲ, ಕಾಲೇಜಿಗೆ ತಿಳಿಯುವುದಿಲ್ಲ.